‘ಧಾರ್ಮಿಕ ಕಿರುಕುಳ’ ಅಂದರೆ ಸಾಕಾ? ನಿರಾಶ್ರಿತರ ಕಾನೂನಿನ ಒಂದು ಪದದ ಬಗ್ಗೆ

ಬಳಗದವರಿಗೆಲ್ಲ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಕಾನೂನು ಕಾಲೇಜಿಗೆ ಬಂದ ವಿದ್ಯಾರ್ಥಿಗಳಿಗಾಗಿ ನಿರಾಶ್ರಿತರ ಕಾನೂನಿನ ಬಗ್ಗೆ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲಸ ಒಂದು ಪದದ ಹತ್ತಿರ ಬಂದು ನಿಂತಿದೆ. ‘ಪರ್ಸಿಕ್ಯೂಷನ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಚರ್ಚೆ ನಡೆದಾಗ ಪತ್ರಿಕೆಗಳಲ್ಲಿ ‘ಧಾರ್ಮಿಕ ಕಿರುಕುಳ’ ಅನ್ನುವುದೇ ಜಾಸ್ತಿ ಕಾಣಿಸಿತು. ‘ಧಾರ್ಮಿಕ ದೌರ್ಜನ್ಯ’ ಅಂತಲೂ ಕೆಲವರು ಬರೆದರು. ಎರಡರಿಂದಲೂ ನನಗೆ ಸಮಾಧಾನವಿಲ್ಲ. ಈ ಪದ ಎಲ್ಲಿ, ಯಾವ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಹೇಳಿ ಆಮೇಲೆ ಕೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದವಾಯಿತು. ನಿರಾಶ್ರಿತ ಅಂದರೆ ಯಾರು ಅಂತ ಅದರ ಮೊದಲ ವಿಧಿಯೇ ಹೇಳುತ್ತದೆ. ಅದನ್ನು ನಾನು ಹೀಗೆ ಬರೆದುಕೊಂಡಿದ್ದೇನೆ: ‘ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಇವುಗಳ ಕಾರಣಕ್ಕೆ ತಾನು ______ಕ್ಕೆ ಒಳಗಾಗುವೆನೆಂಬ ಆಧಾರವಿರುವ ಭಯದಿಂದ ತನ್ನ ದೇಶದ ಹೊರಗಿರುವ, ಆ ದೇಶದ ರಕ್ಷಣೆ ಪಡೆಯಲಾಗದ ಅಥವಾ ಆ ಭಯದಿಂದಲೇ ಪಡೆಯಲು ಒಪ್ಪದ ವ್ಯಕ್ತಿ.’ ಮೊದಲಿಗೆ ಇದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಗಷ್ಟೇ ಅನ್ವಯಿಸುತ್ತಿತ್ತು. 1967ರ ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ, ಆ ಮಿತಿಯನ್ನು ತೆಗೆದುಹಾಕಿತು. ಭಾರತ ಇವೆರಡಕ್ಕೂ ಸಹಿ ಹಾಕಿಲ್ಲ. ಆದರೂ ಪ್ರಪಂಚದ ಹೆಚ್ಚಿನ ದೇಶಗಳಲ್ಲಿ ಒಬ್ಬ ಮನುಷ್ಯನನ್ನು ವಾಪಸ್ ಕಳಿಸಬೇಕೋ ಬೇಡವೋ ಅನ್ನುವುದು ನಾನು ಖಾಲಿ ಬಿಟ್ಟಿರುವ ಆ ಜಾಗದ ಮೇಲೆಯೇ ನಿಂತಿದೆ.

ಒಪ್ಪಂದದಲ್ಲಿ ಈ ಪದಕ್ಕೆ ವಿವರಣೆ ಕೊಟ್ಟಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1979ರಲ್ಲಿ ತಂದ ಕೈಪಿಡಿಯೂ ಎಲ್ಲರೂ ಒಪ್ಪುವಂಥ ವ್ಯಾಖ್ಯಾನ ಇದಕ್ಕಿಲ್ಲ ಅಂತ ನೇರವಾಗಿ ಹೇಳುತ್ತದೆ. ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಕುತ್ತು ಬಂದರೆ ಅದು ಖಂಡಿತ ಪರ್ಸಿಕ್ಯೂಷನ್. ಉಳಿದದ್ದನ್ನು ನ್ಯಾಯಾಲಯಗಳು ಒಂದೊಂದೇ ಪ್ರಕರಣದಲ್ಲಿ ತೀರ್ಮಾನಿಸುತ್ತಾ ಬಂದಿವೆ. ಹಾಗಾಗಿ ಕನ್ನಡದ ಪದ ಸಣ್ಣದಾದರೆ ಅದರೊಳಗೆ ಸೇರುವ ಜನವೂ ಕಡಿಮೆಯಾಗುತ್ತಾರೆ.

ಈಗ ‘ಕಿರುಕುಳ’ಕ್ಕೆ ಬರೋಣ. ನಮ್ಮ ಕಿವಿಗೆ ಇದು ವರದಕ್ಷಿಣೆ ಕಿರುಕುಳ, ಲೈಂಗಿಕ ಕಿರುಕುಳ, ಸಾಲ ಕೊಟ್ಟವರ ಕಿರುಕುಳ. ಇಂಗ್ಲಿಷಿನ ‘ಹರಾಸ್‌ಮೆಂಟ್’ ಜಾಗದಲ್ಲಿ ಇದು ಗಟ್ಟಿಯಾಗಿ ಕೂತುಬಿಟ್ಟಿದೆ, ಅಲ್ಲಿ ಸರಿಯಾಗಿಯೇ ಇದೆ. ವರದಕ್ಷಿಣೆ ಕಿರುಕುಳದಲ್ಲಿ ಜೀವವೇ ಹೋದದ್ದುಂಟು, ಹಾಗಾಗಿ ಪದ ಹಗುರ ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಈ ಪದಕ್ಕೆ ಅಂಟಿಕೊಂಡೇ ಇನ್ನೊಂದು ನಂಬಿಕೆ ಬರುತ್ತದೆ: ದೂರು ಕೊಡಲು ಒಂದು ಜಾಗ ಇದೆ ಅನ್ನುವ ನಂಬಿಕೆ.

ತರಗತಿಯಲ್ಲಿ ಗದಗ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿದಳು. ‘ಕಿರುಕುಳ ಕೊಟ್ರೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡಬಹುದಲ್ರಿ ಸರ್? ದೇಶ ಯಾಕ ಬಿಡಬೇಕು?’ ಪದ ಹೇಳಿದ್ದನ್ನು ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಆದರೆ ನಿರಾಶ್ರಿತರ ಕಾನೂನು ಶುರುವಾಗುವುದೇ ಆ ಸ್ಟೇಷನ್ನಿನ ಬಾಗಿಲು ಮುಚ್ಚಿದ ಮೇಲೆ. 1999ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದೇ) ಮುಂದೆ ಪಾಕಿಸ್ತಾನದ ಇಬ್ಬರು ಹೆಂಗಸರ ಪ್ರಕರಣ ಬಂದಿತ್ತು. ಗಂಡಂದಿರು ಹೊಡೆದು ಹೊರಹಾಕಿದ್ದರು, ಸುಳ್ಳು ವ್ಯಭಿಚಾರದ ಆರೋಪದ ಭಯ ಬೇರೆ. ಅಲ್ಲಿ ಲಾರ್ಡ್ ಹಾಫ್‌ಮನ್ ಒಂದು ಸರಳ ಸೂತ್ರ ಎತ್ತಿ ಹೇಳಿದರು: ಗಂಭೀರ ಹಾನಿ, ಅದರ ಜೊತೆಗೆ ಸರ್ಕಾರ ಕಾಪಾಡದೆ ಇರುವುದು, ಎರಡೂ ಸೇರಿದರೆ ಪರ್ಸಿಕ್ಯೂಷನ್. ಹೊಡೆಯುವವನು ಗಂಡನಿರಬಹುದು, ನೆರೆಯವನಿರಬಹುದು, ಗುಂಪಿರಬಹುದು. ಕಾಪಾಡಬೇಕಾದವರು ಕಾಪಾಡದಿದ್ದರೆ ಅಲ್ಲಿಗೆ ಲೆಕ್ಕ ಪೂರ್ತಿಯಾಗುತ್ತದೆ. ‘ಕಿರುಕುಳ’ದಲ್ಲಿ ಈ ಎರಡನೆಯ ಅರ್ಧ ಇಲ್ಲ.

ಎಷ್ಟೋ ಸಲ ಕಾಪಾಡಬೇಕಾದವರೇ ಮಾಡುವವರಾಗಿರುತ್ತಾರೆ. ತಾವು ಮುಸ್ಲಿಮರೆಂದೇ ನಂಬುವ ಒಂದು ಪಂಥದವರಾದ ಪಾಕಿಸ್ತಾನದ ಅಹ್ಮದಿಗಳ ವಿಷಯ ನೋಡಿ. 1974ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅವರನ್ನು ಮುಸ್ಲಿಮರಲ್ಲ ಅಂತ ಘೋಷಿಸಿದರು. 1984ರಲ್ಲಿ ಜನರಲ್ ಜಿಯಾ ಉಲ್ ಹಕ್ ಸುಗ್ರೀವಾಜ್ಞೆ ಹೊರಡಿಸಿ ದಂಡಸಂಹಿತೆಗೆ 298-ಬಿ ಮತ್ತು 298-ಸಿ ಸೇರಿಸಿದರು. ಅಹ್ಮದಿಯೊಬ್ಬ ತನ್ನನ್ನು ಮುಸ್ಲಿಂ ಅಂತ ಹೇಳಿಕೊಂಡರೆ, ತನ್ನ ಪ್ರಾರ್ಥನೆಯ ಜಾಗವನ್ನು ಮಸೀದಿ ಅಂತ ಕರೆದರೆ, ಅಜಾನ್ ಕೂಗಿದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಾನು ಮುಸ್ಲಿಂ ಅಂತ ಬರೆಯುವವರು ಅಹ್ಮದಿ ಪಂಥದ ಸ್ಥಾಪಕ ಮಿರ್ಜಾ ಗುಲಾಂ ಅಹ್ಮದ್ ಸುಳ್ಳು ಪ್ರವಾದಿ ಅನ್ನುವ ಹೇಳಿಕೆಗೆ ಸಹಿ ಹಾಕಬೇಕು.

ಆ ಸಹಿಯನ್ನು ಸ್ವಲ್ಪ ಯೋಚಿಸಿ. ಯಾರೂ ಕೈ ಎತ್ತಿಲ್ಲ. ಯಾರೂ ಬೈದಿಲ್ಲ. ಕೌಂಟರಿನ ಆಚೆ ಕೂತ ಗುಮಾಸ್ತ ಒಂದು ಫಾರಂ ಮುಂದಿಡುತ್ತಾನೆ, ಅಷ್ಟೇ. ಸಹಿ ಹಾಕಿದರೆ ತನ್ನ ನಂಬಿಕೆಯನ್ನು ತಾನೇ ಅಲ್ಲಗಳೆದ ಹಾಗೆ. ಹಾಕದಿದ್ದರೆ ತಾನು ಮುಸ್ಲಿಮನಲ್ಲ ಅಂತ ಒಪ್ಪಿದ ಹಾಗೆ. ಇದನ್ನು ‘ಕಿರುಕುಳ’ ಅನ್ನೋಣವೇ? ‘ಹಿಂಸೆ’ ಅನ್ನೋಣವೇ? ‘ದೌರ್ಜನ್ಯ’ ಅಂದರೆ ನಮಗೆ ಹೊಡೆತ, ಬಹಿಷ್ಕಾರ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ನೆನಪಾಗುತ್ತದೆ. ಅದು ಕಾನೂನು ಮುರಿದವರು ಮಾಡುವ ಕೆಲಸ. ಇಲ್ಲಿ ಕಾನೂನೇ ಅದನ್ನು ಮಾಡುತ್ತಿದೆ.

ಇನ್ನೂ ಒಂದು. ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರಿಗೆ 1979ರಲ್ಲಿ ನೊಬೆಲ್ ಬಂತು. ಅವರು ಅಹ್ಮದಿ. 1996ರಲ್ಲಿ ತೀರಿಕೊಂಡಾಗ ರಬ್ವಾ ಊರಿನಲ್ಲಿ ಮಣ್ಣು ಮಾಡಿದರು. ಸಮಾಧಿ ಕಲ್ಲಿನ ಮೇಲೆ ‘ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತ’ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದರು. ಆ ‘ಮುಸ್ಲಿಂ’ ಅನ್ನುವ ಒಂದು ಪದವನ್ನು ಅಳಿಸಿ ಹಾಕಿದರು. ಉಳಿದದ್ದು ಹಾಗೇ ಇದೆ. ಸತ್ತವನಿಗೆ ಕಿರುಕುಳ ಕೊಡಲು ಬರುವುದಿಲ್ಲ. ಆದರೆ ಬದುಕಿರುವ ಅಹ್ಮದಿ ಆ ಕಲ್ಲನ್ನು ನೋಡಿದಾಗ ಅವನಿಗೆ ಏನು ಗೊತ್ತಾಗುತ್ತದೋ ಅದನ್ನು ಹಿಡಿಯುವ ಪದ ನನಗೆ ಬೇಕು.

ಇಂಥ ಕಡೆಯಿಂದ ಹೊರಟ ಇಬ್ಬರು ಅಹ್ಮದಿಗಳು ಜರ್ಮನಿಯಲ್ಲಿ ಆಶ್ರಯ ಕೇಳಿದರು. ಪ್ರಕರಣ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಅವರ ಹೆಸರನ್ನು ವೈ ಮತ್ತು ಝಡ್ ಅಂತಷ್ಟೇ ದಾಖಲಿಸಿದ್ದಾರೆ. ಮುಖ್ಯ ಪ್ರಶ್ನೆ ಇದು: ಮನೆಯೊಳಗೆ ಪ್ರಾರ್ಥನೆ ಮಾಡಿಕೊಂಡು, ಹೊರಗೆ ಸುಮ್ನೆ ಇದ್ದರೆ ಅಪಾಯ ಇಲ್ಲವಲ್ಲ, ಹಾಗಿರಬಹುದಲ್ವಾ? ಎಷ್ಟೋ ದೇಶಗಳ ಅಧಿಕಾರಿಗಳು ಎಷ್ಟೋ ವರ್ಷ ಇದೇ ಕಾರಣ ಕೊಟ್ಟು ಅರ್ಜಿ ತಳ್ಳಿಹಾಕಿದ್ದಾರೆ. 2012ರ ಸೆಪ್ಟೆಂಬರ್ 5ರಂದು ನ್ಯಾಯಾಲಯ ಉತ್ತರ ಕೊಟ್ಟಿತು. ಧರ್ಮದ ಸ್ವಾತಂತ್ರ್ಯಕ್ಕೆ ಬರುವ ಪ್ರತಿಯೊಂದು ಅಡ್ಡಿಯೂ ಪರ್ಸಿಕ್ಯೂಷನ್ ಆಗುವುದಿಲ್ಲ, ಅದು ತೀವ್ರವಾಗಿರಬೇಕು. ಆದರೆ ಮನೆಯೊಳಗಿನ ಪ್ರಾರ್ಥನೆಗೆ ಮಾತ್ರ ರಕ್ಷಣೆ, ಹೊರಗಿನ ಆಚರಣೆಗೆ ಇಲ್ಲ ಅಂತ ಗೆರೆ ಎಳೆಯುವಂತಿಲ್ಲ. ಆ ವ್ಯಕ್ತಿ ತನ್ನ ಆಚರಣೆಯನ್ನು ಬಿಟ್ಟರೆ ಅಪಾಯ ತಪ್ಪುತ್ತದೆ ಅನ್ನುವುದನ್ನು ಅವನ ವಿರುದ್ಧ ಬಳಸುವಂತಿಲ್ಲ. ಈ ತೀರ್ಪಿಗೆ ನನ್ನ ಟಿಪ್ಪಣಿಯಲ್ಲಿ ದೊಡ್ಡ ಜಾಗ ಕೊಟ್ಟಿದ್ದೇನೆ. ನಂಬಿಕೆಯನ್ನು ಬಚ್ಚಿಟ್ಟುಕೊಂಡು ಬದುಕಬೇಕಾಗಿ ಬರುವುದೂ ಪರ್ಸಿಕ್ಯೂಷನ್ ಆಗಬಹುದು ಅಂತ ಓದುವವರಿಗೆ ಪದದಿಂದಲೇ ಹೊಳೆಯಬೇಕು. ‘ಹಿಂಸೆ’ ಅಂದಾಗ ಅದು ಹೊಳೆಯುವುದಿಲ್ಲ.

‘ಹಿಂಸೆ’ಯ ಪರವಾಗಿ ಒಂದು ಮಾತಿದೆ. ಕನ್ನಡ ಬೈಬಲಿನಲ್ಲಿ ಈ ಅರ್ಥಕ್ಕೆ ‘ಹಿಂಸೆ’, ‘ಹಿಂಸೆಪಡಿಸು’ ಅಂತಲೇ ಬಳಕೆಯಾಗಿದೆ. ಕ್ರೈಸ್ತ ಓದುಗರಿಗೆ ಆ ಪದದಲ್ಲಿ ನಂಬಿಕೆಗಾಗಿ ಕಷ್ಟ ಪಟ್ಟವರೆಲ್ಲ ಇದ್ದಾರೆ. ಬೇರೆಯವರಿಗೆ ಅಷ್ಟು ಕೇಳಿಸುವುದಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲಾದರೂ ‘ಹಿಂಸೆ ಆಗ್ತಿದೆ’ ಅನ್ನುತ್ತೇವೆ. ಇನ್ನೊಂದು ಕಡೆ ಅಹಿಂಸೆಯ ಎದುರು ಪದವಾಗಿ ರಕ್ತ, ಕತ್ತಿ ಕಾಣುತ್ತದೆ. ಎರಡೂ ತುದಿಗೆ ಎಳೆದ ಪದ ಅದು. ‘ಶೋಷಣೆ’ ಅಂದರೆ ದುಡಿಸಿಕೊಂಡು ಹೀರುವುದು, ಅದು ಇಲ್ಲಿ ಕೂರುವುದಿಲ್ಲ. ‘ಪೀಡನೆ’ ಹತ್ತಿರ ಬರುತ್ತದೆ. ಆದರೆ ‘ಪೀಡಿತ’ ಅಂದ ತಕ್ಷಣ ಬರಪೀಡಿತ, ರೋಗಪೀಡಿತ ಅನ್ನುತ್ತೇವೆ. ಬರಕ್ಕೂ ರೋಗಕ್ಕೂ ಮಾಡಿದವರಿಲ್ಲ, ಇದಕ್ಕೆ ಇದ್ದಾರೆ. ‘ಉಪಟಳ’ವನ್ನು ಕಾಡಾನೆಗೆ ಬಿಟ್ಟುಬಿಡೋಣ.

ನಾನು ಸದ್ಯಕ್ಕೆ ಒಲಿದಿರುವುದು ‘ದಮನ’ದ ಕಡೆಗೆ. ‘ಧರ್ಮದ ಕಾರಣಕ್ಕೆ ನಡೆಯುವ ದಮನ.’ ಇದರಲ್ಲಿ ಅಧಿಕಾರ ಇರುವವನು ಇಲ್ಲದವನನ್ನು ಅದುಮಿಡುವ ಚಿತ್ರ ಇದೆ. ಕಾನೂನಿನಿಂದಲೂ ದಮನ ಮಾಡಬಹುದು, ಲಾಠಿಯಿಂದಲೂ ಮಾಡಬಹುದು, ಫಾರಂನಿಂದಲೂ ಮಾಡಬಹುದು. ‘ದಮನಿತರು’ ಅನ್ನುವ ಪದ ದಲಿತ ಚಳವಳಿಯ ಬರಹದಲ್ಲಿ ಚೆನ್ನಾಗಿ ಬೇರೂರಿದೆ. ಒಂದು ಕೊರತೆ ಇದೆ. ದಮನ ಸಾಮಾನ್ಯವಾಗಿ ಒಂದು ಸಮುದಾಯದ ಮೇಲೆ, ಒಂದು ಚಳವಳಿಯ ಮೇಲೆ ನಡೆಯುತ್ತದೆ. ಆಶ್ರಯ ಕೇಳಿ ಬಂದವನು ಒಬ್ಬನೇ ಅಧಿಕಾರಿಯ ಮುಂದೆ ಕೂತು ‘ನನಗೆ ಏನಾಗುತ್ತದೆ’ ಅಂತ ಹೇಳಬೇಕು. ‘ನನ್ನನ್ನು ದಮನ ಮಾಡುತ್ತಾರೆ’ ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ. ‘ನನ್ನ ಬೆನ್ನು ಬಿಡೋದಿಲ್ಲ ಅವರು’ ಅನ್ನುತ್ತಾರೆ. ‘ಬದುಕೋಕೆ ಬಿಡಲ್ಲ’ ಅನ್ನುತ್ತಾರೆ. ಹಾಗಾಗಿ ನಾಮಪದಕ್ಕೆ ‘ದಮನ’, ಕ್ರಿಯಾಪದಕ್ಕೆ ‘ಬೆನ್ನುಹತ್ತಿ ಕಾಡು’ ಅಂತ ಎರಡನ್ನೂ ಇಟ್ಟುಕೊಂಡರೆ ಹೇಗೆ? ಲ್ಯಾಟಿನ್ ಮೂಲದಲ್ಲೂ ಆ ಪದಕ್ಕೆ ಬೆನ್ನಟ್ಟುವುದು ಅನ್ನುವ ಅರ್ಥವೇ ಇದೆ.

‘ಕಿರುಕುಳ’ವನ್ನು ಪೂರ್ತಿ ಬಿಡಬೇಕು ಅಂತಲೂ ಅಲ್ಲ. ಈ ಕಾನೂನಿನಲ್ಲಿ ಅದಕ್ಕೆ ಬೇರೆಯೇ ಒಂದು ಒಳ್ಳೆಯ ಜಾಗ ಇದೆ. ತಾರತಮ್ಯ ಎಲ್ಲ ಸಲವೂ ಪರ್ಸಿಕ್ಯೂಷನ್ ಅಲ್ಲ ಅನ್ನುತ್ತದೆ 1979ರ ಕೈಪಿಡಿ. ಆದರೆ ಹೊಟ್ಟೆಪಾಡಿಗೆ, ಪೂಜೆ ಪ್ರಾರ್ಥನೆಗೆ, ಓದಿಗೆ ದೊಡ್ಡ ಅಡ್ಡಿಯಾದರೆ ಆಗುತ್ತದೆ. ಒಂದೊಂದಾಗಿ ನೋಡಿದರೆ ಸಣ್ಣವು, ಎಲ್ಲ ಸೇರಿದರೆ ದೊಡ್ಡದು ಅನ್ನುವ ವಾದಕ್ಕೂ ಅಲ್ಲಿ ಜಾಗವಿದೆ. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಅನ್ನುತ್ತೇವಲ್ಲ, ಹಾಗೆ. ಇರಾನಿನ ಬಹಾಯಿ ಧರ್ಮದವರು ಇದಕ್ಕೆ ಸರಿಯಾದ ಉದಾಹರಣೆ. ಅಲ್ಲಿನ ಸಂವಿಧಾನದ 13ನೇ ವಿಧಿ ಜೊರಾಸ್ಟ್ರಿಯನ್ನರು, ಯಹೂದಿಗಳು, ಕ್ರೈಸ್ತರು ಈ ಮೂವರನ್ನು ಮಾತ್ರ ಧಾರ್ಮಿಕ ಅಲ್ಪಸಂಖ್ಯಾತರು ಅಂತ ಒಪ್ಪುತ್ತದೆ. ಬಹಾಯಿಗಳ ಹೆಸರೇ ಇಲ್ಲ. ಬಹಾಯಿ ಅಂತ ಗೊತ್ತಾದರೆ ವಿಶ್ವವಿದ್ಯಾಲಯದಿಂದ ಹೊರಹಾಕಬೇಕು ಅನ್ನುವುದು 1991ರ ಒಂದು ಸರ್ಕಾರಿ ಟಿಪ್ಪಣಿಯಲ್ಲೇ ಇದೆ. ಅದಕ್ಕೂ ಮೊದಲೇ, 1987ರಲ್ಲಿ, ಅವರು ಮನೆಗಳಲ್ಲೇ ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಕೊಡುವ ಸಂಸ್ಥೆ ಕಟ್ಟಿಕೊಂಡರು. ಅಲ್ಲಿ ಪಾಠ ಹೇಳಿದ್ದಕ್ಕೂ ಜೈಲಿಗೆ ಹೋದವರಿದ್ದಾರೆ. ಸೀಟು ಸಿಗಲಿಲ್ಲ, ಕೆಲಸ ಸಿಗಲಿಲ್ಲ, ಅಂಗಡಿಗೆ ಬೀಗ ಬಿತ್ತು, ಸ್ಮಶಾನವನ್ನು ಅಗೆದು ಹಾಕಿದರು. ಇವು ಒಂದೊಂದೂ ತಾರತಮ್ಯ, ಕಿರುಕುಳ. ಕೂಡಿದರೆ ದಮನ. ಈ ಮೂರು ಪದಗಳನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಟ್ಟರೆ ವಿದ್ಯಾರ್ಥಿಗಳಿಗೆ ವಾದದ ದಾರಿಯೂ ಕಾಣುತ್ತದೆ. ಎಲ್ಲದಕ್ಕೂ ‘ಕಿರುಕುಳ’ ಅಂದುಬಿಟ್ಟರೆ ಮೆಟ್ಟಿಲೇ ಇರುವುದಿಲ್ಲ.

‘ಭಯ’ದ ಬಗ್ಗೆ ಒಂದು ಸಣ್ಣ ಪ್ರಶ್ನೆ. ನಾನು ‘ಆಧಾರವಿರುವ ಭಯ’ ಅಂತ ಬರೆದಿದ್ದೇನೆ. ‘ಸಕಾರಣ ಭೀತಿ’ ಅಂತ ಒಬ್ಬ ಸ್ನೇಹಿತರು ಸೂಚಿಸಿದರು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾರ್ಡೋಜಾ-ಫೋನ್ಸೇಕಾ ಪ್ರಕರಣದಲ್ಲಿ ಇದಕ್ಕೆ ಒಂದು ಅಳತೆ ಕೊಟ್ಟಿತು. ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇರಬೇಕಾಗಿಲ್ಲ, ಹತ್ತರಲ್ಲಿ ಒಂದು ಪಾಲು ಇದ್ದರೂ ಆ ಭಯಕ್ಕೆ ಆಧಾರ ಇದೆ ಅಂತಲೇ ಅರ್ಥ. ‘ಸಾಬೀತಾದ’ ಅನ್ನುವ ವಾಸನೆ ಪದಕ್ಕೆ ಬರಬಾರದು. ‘ಸಕಾರಣ’ದಲ್ಲಿ ಅದು ಸ್ವಲ್ಪ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ.

‘ಧರ್ಮ’ ಇರಲಿ, ‘ಮತ’ ಬೇಡ. ‘ಮತ’ ಅಂದರೆ ಅಭಿಪ್ರಾಯವೂ ಆಯಿತು, ವೋಟೂ ಆಯಿತು. ಅದೇ ಸಾಲಿನಲ್ಲಿ ‘ರಾಜಕೀಯ ಅಭಿಪ್ರಾಯ’ ಬೇರೆ ಬರುವುದರಿಂದ ಗೊಂದಲ. ಆದರೆ ನಂಬದಿರುವವರೂ ಇದರಲ್ಲಿ ಸೇರಬೇಕು. ನಿರಾಶ್ರಿತರ ಸಂಸ್ಥೆ 2004ರಲ್ಲಿ ತಂದ ಮಾರ್ಗಸೂಚಿ ಧರ್ಮವನ್ನು ನಂಬಿಕೆಯಾಗಿ, ಗುರುತಾಗಿ, ಬದುಕುವ ರೀತಿಯಾಗಿ ನೋಡುತ್ತದೆ. ನಾಸ್ತಿಕನಿಗೂ, ಧರ್ಮ ಬದಲಿಸಿದವನಿಗೂ, ತಾನು ಏನನ್ನೂ ನಂಬದಿದ್ದರೂ ಬೇರೆಯವರು ‘ಇವನು ಆ ಕಡೆಯವನು’ ಅಂತ ಹಣೆಪಟ್ಟಿ ಹಚ್ಚಿದ್ದರಿಂದ ಅಪಾಯಕ್ಕೆ ಸಿಕ್ಕವನಿಗೂ ರಕ್ಷಣೆ ಉಂಟು.

ಇನ್ನು ‘ನಿರಾಶ್ರಿತ’. ಇದೂ ನನ್ನನ್ನು ಕಾಡುತ್ತಿದೆ. ಬೆಂಗಳೂರಿನಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂದರೆ ಭಿಕ್ಷುಕರನ್ನು ಇಡುವ ಜಾಗ. ನೆರೆ ಬಂದು ಮನೆ ಕಳೆದುಕೊಂಡವರೂ ನಿರಾಶ್ರಿತರೇ. ಆಶ್ರಯವಿಲ್ಲದವರು ಅನ್ನುವುದಷ್ಟೇ ಪದದಲ್ಲಿದೆ, ಯಾಕೆ ಓಡಿಬಂದರು ಅನ್ನುವುದು ಇಲ್ಲ. ಹಿಂದಿಯವರ ‘ಶರಣಾರ್ಥಿ’ಯನ್ನು ತರೋಣ ಅಂದರೆ ಉತ್ತರ ಕರ್ನಾಟಕದಲ್ಲಿ ‘ಶರಣು ಶರಣಾರ್ಥಿ’ ಅನ್ನುವುದು ನಮಸ್ಕಾರ. ಅದನ್ನು ಮುಟ್ಟುವುದು ಬೇಡ. ಬೈಲುಕುಪ್ಪೆ, ಮುಂಡಗೋಡಿನಲ್ಲಿ ನಮ್ಮ ಜನ ಟಿಬೆಟಿನವರ ಊರುಗಳನ್ನು ‘ಕ್ಯಾಂಪ್’ ಅನ್ನುತ್ತಾರೆ. ಆಗಿನ ಮೈಸೂರು ರಾಜ್ಯ ಸರ್ಕಾರ ಜಮೀನು ಕೊಟ್ಟು ಸುಮಾರು ಅರವತ್ತು ವರ್ಷವಾದರೂ ಅವು ಕ್ಯಾಂಪುಗಳೇ. ಪಳಗಿಹೋಗಿರುವ ‘ನಿರಾಶ್ರಿತ’ವನ್ನೇ ಉಳಿಸಿಕೊಂಡಿದ್ದೇನೆ, ಆದರೆ ಜೊತೆಗೆ ಬರುವ ಕ್ರಿಯಾಪದದಲ್ಲಿ ಎಚ್ಚರ ಬೇಕು. ‘ನಿರಾಶ್ರಿತ ಸ್ಥಾನಮಾನ ನೀಡಿದರು’ ಅಂತ ಎಲ್ಲ ಕಡೆ ಬರೆಯುತ್ತಾರೆ. ಕೈಪಿಡಿಯ ಪ್ರಕಾರ ಒಬ್ಬ ವ್ಯಕ್ತಿ ಆ ವ್ಯಾಖ್ಯಾನಕ್ಕೆ ಒಳಪಟ್ಟ ಕ್ಷಣದಿಂದಲೇ ನಿರಾಶ್ರಿತ. ಸರ್ಕಾರ ಅದನ್ನು ಗುರುತಿಸುತ್ತದೆ, ಅಷ್ಟೇ. ಆದ್ದರಿಂದ ‘ನೀಡು’ ಬದಲು ‘ಗುರುತಿಸು’ ಅಥವಾ ‘ಮಾನ್ಯ ಮಾಡು’ ಅಂತ ಬಳಸಿ ಅಂತ ಪತ್ರಿಕೆಯಲ್ಲಿರುವ ಗೆಳೆಯರಲ್ಲಿ ಕೇಳಿಕೊಳ್ಳುತ್ತೇನೆ. ಇದು ಸಣ್ಣ ವಿಷಯ ಅಲ್ಲ. ‘ನೀಡು’ ಅಂದಾಗ ಅದು ದಯೆಯಾಗುತ್ತದೆ, ‘ಗುರುತಿಸು’ ಅಂದಾಗ ಹಕ್ಕಾಗುತ್ತದೆ.

ಇಂಗ್ಲಿಷಿನ ‘ರೆಫ್ಯೂಜಿ’ ಪದವೂ ಧರ್ಮದ ಕಾರಣಕ್ಕೆ ಓಡಿದವರಿಂದಲೇ ಹುಟ್ಟಿತು. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಪ್ರಾಟೆಸ್ಟೆಂಟರಿಗಿದ್ದ ಹಕ್ಕುಗಳನ್ನು ರದ್ದು ಮಾಡಿದ. ಅದಕ್ಕೂ ಮೊದಲಿಂದಲೇ ಅವರ ಮನೆಗಳಲ್ಲಿ ಸೈನಿಕರನ್ನು ತಂದು ಇಳಿಸುತ್ತಿದ್ದರು. ಮನೆಯವರು ಕ್ಯಾಥೊಲಿಕರಾಗುವವರೆಗೆ ಸೈನಿಕರು ಅಲ್ಲೇ ಉಂಡು, ಕುಡಿದು, ಸಾಮಾನು ಒಡೆದು ಇರುತ್ತಿದ್ದರು. ಹಾಗೆ ಇಂಗ್ಲೆಂಡಿಗೆ ಓಡಿಬಂದ ಯೂಗನಾಟರನ್ನು, ಅಂದರೆ ಈ ಫ್ರೆಂಚ್ ಪ್ರಾಟೆಸ್ಟೆಂಟರನ್ನು, ಕರೆಯಲು ಬಂದ ಪದ ಅದು.

ನಮ್ಮ ಕರಾವಳಿಗೂ ಇಂಥ ನೆನಪಿದೆ. 1560ರಲ್ಲಿ ಗೋವಾದಲ್ಲಿ ಪೋರ್ಚುಗೀಸರ ಇಂಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಶುರುವಾಯಿತು. ಆ ಕಾಲದಲ್ಲಿ ಕೊಂಕಣಿ ಮಾತಾಡುವ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಇಳಿದು ಕನ್ನಡ ಜಿಲ್ಲೆಗಳಲ್ಲಿ ನೆಲೆಸಿದವು. ಬಳಗದಲ್ಲಿ ಕಾರವಾರ, ಕುಮಟಾ, ಮಂಗಳೂರು ಕಡೆಯವರು ಇದ್ದೀರಿ. ನಿಮ್ಮ ಮನೆಯ ಅಜ್ಜ ಅಜ್ಜಿಯರು ಆ ಕತೆ ಹೇಳುವಾಗ, ಗೋವಾದಲ್ಲಿ ಆದದ್ದನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಯಾವ ಪದದಿಂದ ಕರೆಯುತ್ತಾರೆ? ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಅದು. ಅನುಭವಿಸಿದವರು ಇಟ್ಟ ಹೆಸರು ನಾನು ನಿಘಂಟಿನಲ್ಲಿ ಹುಡುಕಿ ತೆಗೆದದ್ದಕ್ಕಿಂತ ಗಟ್ಟಿಯಾಗಿರುತ್ತದೆ.

ಹಳೆಗನ್ನಡ ಬಲ್ಲವರಿಗೆ ಇನ್ನೊಂದು ಕೇಳಿಕೆ. ‘ಅಟ್ಟುಳಿ’ ಅಂತ ಒಂದು ಪದ ಇದೆ, ಪೀಡೆ, ಕಾಟ ಅನ್ನುವ ಅರ್ಥದಲ್ಲಿ. ಕೇಳಿದ ತಕ್ಷಣ ‘ಅಟ್ಟು’, ‘ಬೆನ್ನಟ್ಟು’ ನೆನಪಾಗುವುದು ಇದರ ಲಾಭ. ನಿಮ್ಮ ಊರಿನ ಮಾತಿನಲ್ಲಿ ಇದು ಈಗಲೂ ಇದೆಯೇ? ಇದ್ದರೆ ಯಾರು ಯಾರಿಗೆ ಅಟ್ಟುಳಿ ಕೊಡುತ್ತಾರೆ, ಒಂದು ವಾಕ್ಯ ಬರೆದು ಕಳಿಸಿ. ‘ದಮನ’ಕ್ಕಿಂತ ಇದು ಮೇಲು ಅಂತ ಯಾರಾದರೂ ವಾದ ಮಾಡಿದರೆ ಒಪ್ಪಲು ತಯಾರಿದ್ದೇನೆ. ‘ಕಿರುಕುಳ’ವೇ ಸಾಕು ಅನ್ನುವವರು ಆ ಪಾಸ್‌ಪೋರ್ಟ್ ಅರ್ಜಿಯ ಸಹಿಯ ಬಗ್ಗೆ ಆ ಪದ ಬಳಸಿ ಒಂದು ವಾಕ್ಯ ಬರೆದು ತೋರಿಸಿ. ಟಿಪ್ಪಣಿಯ ಕರಡು ಬೇಕಾದವರು ತಿಳಿಸಿದರೆ ಕಳಿಸುತ್ತೇನೆ.